ಅವ್ವನ ಮುಖದ ಮೋಜಣಿ

ಈಗೀಗ ನಮ್ಮ ಮನೆಗೆ ಯಾರೇ ಬಂದರೂ ಹೊಸ್ತಿಲಾಚೆ ಚಪ್ಪಲಿ ಬಿಡುವಾಗಲೇ ಮೂಗು ಅರಳಿಸಿ, ಅಗಸಿ ಹಿಂಡಿ ಕುಟ್ಟಿದ್ದೀರೇನು ಎಂದು ಕೇಳುತ್ತಾರೆ. ಕುಟ್ಟಿಲ್ಲ. ಅದು ನನ್ನ ಬಣ್ಣದ ವಾಸನೆ. ತೈಲಚಿತ್ರದ ಬಣ್ಣ ಕಲಸುವ ಎಣ್ಣೆ ಬೇರೇನೂ ಅಲ್ಲ, ನಮ್ಮ ಅಗಸೆ ಬೀಜದ ಎಣ್ಣೆಯೇ ಎನ್ನುವುದು ನನಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯತನಕ ಅಗಸೆ ಎಂದರೆ ಹುರಿದು, ಖಾರ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ, ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ವಸ್ತು ಅಷ್ಟೇ ಆಗಿತ್ತು. ಹಾಲೆಂಡಿನ ದೊಡ್ಡ ದೊಡ್ಡ ಚಿತ್ರಗಾರರೆಲ್ಲ ಇದೇ ಎಣ್ಣೆಯಲ್ಲಿ ಬಣ್ಣ ಕಲಸಿ ಮುಖಗಳನ್ನು ಮಾಡಿದರು ಎಂದು ನಮ್ಮ ಮಾಸ್ತರು ಹೇಳಿದಾಗ ನನಗೆ ಮೊದಲು ಬಂದ ಯೋಚನೆ, ಪಾಪ, ಆ ಮಂದಿಗೆ ಜೋಳದ ರೊಟ್ಟಿ ಎಲ್ಲಿ ಸಿಗುತ್ತಿತ್ತೋ ಏನೋ ಎಂಬುದು.

ನನ್ನ ಹೆಂಡತಿ ಶಾಂತಾಳಿಗೆ ಅಗಸೆಯ ಬಗ್ಗೆ ತಕರಾರಿಲ್ಲ, ಟರ್ಪೆಂಟೈನಿನ ಬಗ್ಗೆ ಇದೆ. ಬೇರೆಯವರ ಗಂಡಂದಿರು ಪೆನ್ಶನ್ ಬಂದ ಮೇಲೆ ಬೆಳಿಗ್ಗೆ ತಿರುಗಾಡಲು ಹೋಗುತ್ತಾರೆ, ಮಠಕ್ಕೆ ಹೋಗುತ್ತಾರೆ, ಇಲ್ಲವೇ ಕಟ್ಟೆಯ ಮೇಲೆ ಕೂತು ಸರಕಾರ ಬೀಳಿಸುತ್ತಾರೆ. ನನಗೆ ಸಿಕ್ಕ ಗಂಡ ಮಾತ್ರ ಪಡಸಾಲೆಯಲ್ಲಿ ಕೂತು ನನ್ನ ಹಳೆಯ ಇಳಕಲ್ ಸೀರೆಯನ್ನು ಬ್ರಶ್ ಒರೆಸಲು ಹರಿಯುತ್ತಾನೆ ಎಂಬುದು ಅವಳ ದೂರು. ದೂರಿನಲ್ಲಿ ಸುಳ್ಳೇನೂ ಇಲ್ಲ. ಯಾಕೆ ಕಲಿಯುತ್ತೀರಿ ಎಂದು ಅವಳು ಕೇಳಿದಾಗ ಹೊತ್ತು ಹೋಗಬೇಕಲ್ಲ ಎಂದು ನಾನು ಹೇಳಿದ್ದೇ ಸುಳ್ಳು.

ನಿಮಗಾದರೂ ನಿಜ ಹೇಳುತ್ತೇನೆ. ನನಗೆ ನನ್ನ ಅವ್ವನ ಮುಖ ಗೊತ್ತಿಲ್ಲ. ಅದನ್ನು ಮಾಡಬೇಕಾಗಿತ್ತು.

ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಅವಳ ಒಂದು ಕೈ ಮಾತ್ರ ನೆನಪಿದೆ. ಮೊಣಕೈತನಕ ಹಿಟ್ಟು, ಮಣಿಕಟ್ಟಿನಲ್ಲಿ ಹಸಿರು ಬಳೆ, ರೊಟ್ಟಿ ಬಡಿಯುವಾಗ ಬಳೆಗಳೆಲ್ಲ ಒಮ್ಮೆ ಕೆಳಗೆ ಜಾರಿ ಒಮ್ಮೆ ಮೇಲೆ ಏರುವುದು. ಆ ಕೈಯನ್ನು ಹಿಡಿದು ಮೇಲಕ್ಕೆ ಹೋಗಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಭುಜದ ಹತ್ತಿರ ಬಂದರೆ ಎಲ್ಲ ನಿಂತುಹೋಗುತ್ತದೆ. ಅಪ್ಪ ಅವಳ ಮಾತು ಎತ್ತುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಇಬ್ಬರು ಗಂಡಸರು ಒಂದೇ ಮನೆಯಲ್ಲಿ ಹೀಗೆ ಜೀವಮಾನ ಕಳೆಯಬಹುದು, ಯಾರಿಗೂ ಅನುಮಾನ ಬರುವುದಿಲ್ಲ.

ಅವಳಿರುವ ಫೋಟೋ ಒಂದೇ ಒಂದು. ಸಂಗೊಳ್ಳಿಯ ನಮ್ಮ ಹಳೆಯ ಮನೆಯ ಮುಂದೆ, ಧಾರವಾಡದಿಂದ ಫೋಟೋದವನನ್ನು ಕರೆಸಿ ತೆಗೆಸಿದ ಮನೆಮಂದಿಯ ಗ್ರೂಪು. ನಡುವೆ ಕುರ್ಚಿಯಲ್ಲಿ ರುಮಾಲು ಸುತ್ತಿದ ಅಜ್ಜ, ಅವನ ತೊಡೆಯ ಮೇಲೆ ಒಂದೂವರೆ ವರ್ಷದ ನಾನು. ಪಕ್ಕದ ಕುರ್ಚಿಯಲ್ಲಿ ಆಯಿ, ಅಂದರೆ ಅಜ್ಜನ ಹೆಂಡತಿ. ಹಿಂದೆ ಅಪ್ಪ ಮತ್ತು ಕಾಕಾ. ಕೆಳಗೆ ಜಮಖಾನೆಯ ಮೇಲೆ ಅಪ್ಪನ ತಂಗಿ, ಆಗಿನ್ನೂ ಲಗ್ನವಾಗದ ನನ್ನ ಅತ್ತಿ. ಬಲಗಡೆ ತುದಿಯಲ್ಲಿ ಕಾಕಾನ ಹೆಂಡತಿ ಚಿಗವ್ವ, ಎಡಗಡೆ ತುದಿಯಲ್ಲಿ ಅವ್ವ. ಅವ್ವನ ಮುಖದ ಮೇಲೆ ಗದ್ದದತನಕ ಸೆರಗು. ಮಾವನ ಮುಂದೆ ಅಂಜಿ ಸೆರಗು ಇಳಿಸಿದ್ದಾಳೆ ಎಂದು ನಾನು ಬುದ್ಧಿ ತಿಳಿದಾಗಿನಿಂದ ನಂಬಿದ್ದೆ. ಎಂಥ ಅಂಜುಬುರುಕಿ ಇದ್ದಳೋ, ಎಷ್ಟು ಕಷ್ಟಪಟ್ಟಳೋ ಎಂದು ಆ ಸೆರಗಿನ ಮುಂದೆ ನಾನು ಹುಡುಗನಾಗಿದ್ದಾಗ ಅತ್ತದ್ದೂ ಉಂಟು.

ನಾನು ಸರ್ವೇಯರ್ ಆಗಿದ್ದವನು. ಹೊಲ ಅಳೆಯುವುದಕ್ಕೆ ನಮ್ಮ ಕಡೆ ಮೋಜಣಿ ಎನ್ನುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ಕಡೆಯ ಹೊಲಗಳಲ್ಲಿ ಸರಪಳಿ ಎಳೆಸಿದ್ದೇನೆ. ಇಬ್ಬರು ಅಣ್ಣತಮ್ಮಂದಿರು ಒಂದು ಬದುವಿಗಾಗಿ ಕೊಡಲಿ ಹಿಡಿದು ನಿಂತಲ್ಲಿ ನಡುವೆ ನಿಂತು, ಕಳೆದುಹೋದ ಗಡಿಯ ಬಾಂದುಗಲ್ಲನ್ನು ಹುಡುಕಿಕೊಟ್ಟಿದ್ದೇನೆ. ಇಷ್ಟೆಲ್ಲ ಮಾಡಿದವನಿಗೆ ಒಂದು ಮುಖ ಹುಡುಕುವುದು ಏನು ದೊಡ್ಡದು ಎಂಬ ಅಹಂಕಾರದಿಂದಲೇ ನಾನು ಜೋಶಿ ಮಾಸ್ತರ ಮನೆಯ ಮೆಟ್ಟಿಲು ಹತ್ತಿದೆ.

ಜೋಶಿ ಮಾಸ್ತರು ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಊರು ದೇಗಾಂವ. ಸಣ್ಣವರಿದ್ದಾಗ ಗುಡಿಯ ಕಲ್ಲಿನ ಮುಖಗಳನ್ನು ಇದ್ದಿಲಿನಿಂದ ಮನೆಯ ಗೋಡೆಯ ಮೇಲೆ ಬರೆದು ಅಪ್ಪನ ಕೈಯಲ್ಲಿ ಪೆಟ್ಟು ತಿಂದವರು. ಈಗ ಬೈಲಹೊಂಗಲದಲ್ಲಿ ತಮ್ಮ ಮನೆಯ ಮಾಳಿಗೆಯ ಮೇಲೆ ರವಿವಾರಕ್ಕೊಮ್ಮೆ ಕ್ಲಾಸು ನಡೆಸುತ್ತಾರೆ. ನನ್ನ ಜೊತೆಗೆ ಕಲಿಯುವವರು ಇಬ್ಬರು ಕಾಲೇಜು ಹುಡುಗಿಯರು. ನನ್ನನ್ನು ಅಂಕಲ್ ಎನ್ನಬೇಕೋ ಅಜ್ಜ ಎನ್ನಬೇಕೋ ತಿಳಿಯದೆ ಅವರು ಇನ್ನೂ ಏನೂ ಎನ್ನುತ್ತಿಲ್ಲ.

ಮಾಸ್ತರ ಪದ್ಧತಿ ಬೇರೆ. ಹೂವು, ಹಣ್ಣು, ಸೂರ್ಯಾಸ್ತ ಏನೂ ಇಲ್ಲ. ಬಂದವರೆಲ್ಲ ಒಂದೇ ಚಿತ್ರವನ್ನು ನಕಲು ಮಾಡಬೇಕು. ಹಾಲೆಂಡಿನ ಹಳೆಯ ಕಾಲದ ಒಂದು ಹೆಸರಾಂತ ಗ್ರೂಪು. ಕರಿ ಬಟ್ಟೆ, ಬಿಳಿ ಕಾಲರಿನ ಆರು ಗಂಡಸರು. ಐವರಿಗೆ ಅಗಲವಾದ ಕರಿ ಟೊಪ್ಪಿಗೆ, ಹಿಂದೆ ನಿಂತ ಆಳಿನದು ಬರಿದಲೆ. ಮೇಜಿನ ಮೇಲೆ ಕೆಂಪು ಹಾಸು, ಒಂದು ತೆರೆದ ಪುಸ್ತಕ. ನೇಕಾರರ ಬಟ್ಟೆ ಚೆನ್ನಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವ ಪಂಚರಂತೆ ಅವರು. ಇದನ್ನು ಮಾಡಿದವನು ಯಾವ ಮುಖವನ್ನಾದರೂ ಮಾಡಬಲ್ಲ ಎಂದು ಮಾಸ್ತರ ನಂಬಿಕೆ. ಚಿತ್ರವನ್ನು ದೊಡ್ಡದಾಗಿ ಮಾಡಿಸಲು ಅವರು ನನ್ನನ್ನೇ ಬಸ್ ಸ್ಟ್ಯಾಂಡ್ ಹತ್ತಿರದ ಫ್ಲೆಕ್ಸ್ ಅಂಗಡಿಗೆ ಕಳಿಸಿದರು. ಅಂಗಡಿಯವನು ಆರೂ ಜನರನ್ನು ಕಂಪ್ಯೂಟರಿನಲ್ಲಿ ದಿಟ್ಟಿಸಿ ನೋಡಿ, ಇವರು ಯಾವ ಪಕ್ಷದವರು ಎಂದು ಕೇಳಿದ. ಯಾವ ಪಕ್ಷದವರೂ ಅಲ್ಲ, ಎಲ್ಲರೂ ಸತ್ತು ಬಹಳ ವರ್ಷವಾಯಿತು ಎಂದೆ. ಹಾಗಾದರೆ ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ ಎಂದು ಹಾಕಲೇ ಎಂದು ಅವನು ತುಸು ಮೆತ್ತಗಿನ ದನಿಯಲ್ಲಿ ವಿಚಾರಿಸಿದ.

ಮೊದಲ ತಿಂಗಳು ನಾನು ಆ ಆರು ಜನರನ್ನು ಹೊಲ ಅಳೆದಂತೆ ಅಳೆದೆ. ಕ್ಯಾನ್ವಾಸಿನ ಮೇಲೆ ಚೌಕಳಿ ಎಳೆದು, ಕಣ್ಣಿನಿಂದ ಕಣ್ಣಿಗೆ, ಮೂಗಿನಿಂದ ತುಟಿಗೆ ಅಳತೆ ಹಿಡಿದು, ಒಂದು ಗೆರೆಯೂ ಆಚೀಚೆ ಆಗದಂತೆ ಗುರುತು ಹಾಕಿದೆ. ಅಳತೆ ಎಲ್ಲ ಸರಿ ಇತ್ತು. ಆದರೆ ಮುಖಗಳು ನಕಾಶೆಗಳಾಗಿದ್ದವು. ಮಾಸ್ತರು ಬಹಳ ಹೊತ್ತು ನೋಡಿದರು.

"ಸರ್ವೇಯರ್ ಸಾಹೇಬ್ರ, ಮೂಗಿಗೆ ಹದ್ದು-ಗಡಿ ಇರೂದಿಲ್ಲರಿ," ಎಂದರು. "ಬೆಳಕು ಮುಗೀತದ, ನೆರಳು ಸುರು ಆಗ್ತದ. ಎಲ್ಲಿ ಅಂತ ಅದಕ್ಕೂ ಗೊತ್ತಿರೂದಿಲ್ಲ. ನೀವು ನಡುವ ಬಾಂದುಗಲ್ಲು ಹುಗೀಬ್ಯಾಡ್ರಿ."

ಹೊಲದ ಗಡಿ ಕೆಡಿಸಿದವನಿಗೆ ಕಾಯಿದೆಯಲ್ಲಿ ಶಿಕ್ಷೆ ಇದೆ. ಇಲ್ಲಿ ಗಡಿ ಕೆಡಿಸದವನಿಗೇ ಬೈಗಳು. ಈ ಹೊಸ ಕಾಯಿದೆ ರೂಢಿಯಾಗಲು ನನಗೆ ಮತ್ತೆರಡು ತಿಂಗಳು ಬೇಕಾದವು.

ಎಣ್ಣೆಬಣ್ಣದಲ್ಲಿ ಮೊದಲು ಸುಟ್ಟ ಮಣ್ಣಿನ ಕಂದು ಬಣ್ಣವನ್ನು ತೆಳ್ಳಗೆ ಮಾಡಿ ನೆರಳುಗಳನ್ನೆಲ್ಲ ಹಾಕಬೇಕು. ಅದರ ಮೇಲೆ ಮೈಬಣ್ಣ. ಎಲ್ಲ ಆದಮೇಲೆ ಕೊನೆಗೆ ಬೆಳಕು. ಹಣೆ, ಮೂಗಿನ ತುದಿ, ಕೆಳತುಟಿ, ಇಲ್ಲೆಲ್ಲ ದಪ್ಪ ಬಿಳಿಯ ಬಣ್ಣದಿಂದ ಒಂದೊಂದು ಸಲ ಮುಟ್ಟಿಸಿ ಕೈ ತೆಗೆದುಬಿಡಬೇಕು. ನಾನು ಉತ್ಸಾಹದಿಂದ ಒಂದು ರವಿವಾರವಿಡೀ ಬೆಳಕು ಹಾಕಿದೆ. ದೂರ ನಿಂತು ನೋಡಿದರೆ ಟೊಪ್ಪಿಗೆಯ ಕೆಳಗೆ ಐದೂ ಜನರ ಹಣೆಯ ಮೇಲೆ ಅಡ್ಡಲಾಗಿ ಮೂರು ಮೂರು ಬಿಳಿ ಪಟ್ಟೆ ಬಂದಿದ್ದವು. ಬರಿದಲೆಯ ಆಳಿಗಂತೂ ಧಾರಾಳವಾಗಿ ಬಿದ್ದಿದ್ದವು. ನಾನು ಬೇಕೆಂದು ಮಾಡಿರಲಿಲ್ಲ. ಬಿಳಿ ಹಿಡಿದ ಕೈ ಹಣೆ ಕಂಡೊಡನೆ ತನ್ನ ರೂಢಿಯನ್ನು ತಾನು ಮಾಡಿತ್ತು.

"ಹಾಲೆಂಡಿನವರಿಗೆ ವಿಭೂತಿ ಹಚ್ಚೀರಲ್ರಿ," ಎಂದು ಮಾಸ್ತರು ತಣ್ಣಗೆ ಹೇಳಿದರು. ಕಾಲೇಜು ಹುಡುಗಿಯರು ಅಂದು ನನ್ನ ಎದುರಿಗೆ ಮೊದಲ ಸಲ ನಕ್ಕರು.

ನನ್ನ ತಪ್ಪೇನು ಹೇಳಿ. ನಮ್ಮ ಮನೆಯಲ್ಲಿ ಬರಿ ಹಣೆಯಲ್ಲಿ ಊಟಕ್ಕೆ ಕೂತರೆ ಅಜ್ಜ ತಾಟು ಎಳೆದಿಡುತ್ತಿದ್ದ. ಬೆಳಿಗ್ಗೆ ಜಳಕ ಮಾಡಿಸಿದ ಮೇಲೆ ಆಯಿ ನನ್ನ ಗದ್ದ ಹಿಡಿದು, ವಿಭೂತಿ ಗಟ್ಟಿಯನ್ನು ಒದ್ದೆ ಬೆರಳಿನಿಂದ ತಿಕ್ಕಿ, ಮೂರು ಬೆರಳು ಕೂಡಿಸಿ ಎಡದಿಂದ ಬಲಕ್ಕೆ ಒಂದೇ ಸಲ ಎಳೆಯುತ್ತಿದ್ದಳು. ಒದ್ದೆಯಿದ್ದಾಗ ಏನೂ ಕಾಣದು. ಒಣಗುತ್ತ ಬಂದಂತೆ ಬೆಳ್ಳಗಾಗಿ ಏಳುತ್ತದೆ. ಅದು ಏಳುವುದನ್ನು ಕನ್ನಡಿಯಲ್ಲಿ ನೋಡುತ್ತ ನಿಂತು ನಾನು ಸಾಲೆಗೆ ತಡ ಮಾಡಿಕೊಳ್ಳುತ್ತಿದ್ದೆ. ಆಯಿಗಿಂತ ಮೊದಲು ಅವ್ವ ಹಚ್ಚುತ್ತಿರಬೇಕು. ಅವಳು ನನ್ನ ಗದ್ದ ಹಿಡಿದಾಗ ನನ್ನ ಕಣ್ಣ ಮುಂದೆ, ಒಂದು ಗೇಣಿನ ದೂರದಲ್ಲಿ, ಆ ಮುಖ ದಿನಾ ಬೆಳಿಗ್ಗೆ ಬಂದು ನಿಂತಿರಬೇಕು. ಅಷ್ಟು ಹತ್ತಿರದಿಂದ ಅಷ್ಟು ಸಲ ನೋಡಿದ್ದನ್ನು ಒಬ್ಬ ಮನುಷ್ಯ ಹೇಗೆ ಕಳೆದುಕೊಳ್ಳುತ್ತಾನೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಕಪ್ಪು ಬಣ್ಣದ ವಿಷಯದಲ್ಲಿ ಮಾತ್ರ ನಾನು ಶಾಬಾಸ್ ಅನ್ನಿಸಿಕೊಂಡೆ. ಆರು ಜನರದ್ದೂ ಕರಿ ಬಟ್ಟೆ. ಆದರೆ ಮಾಸ್ತರು ಕಪ್ಪು ಟ್ಯೂಬನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ನೀಲಿಯೂ ಕಂದೂ ಕೂಡಿಸಿ, ಬೇಕಾದಲ್ಲಿ ಕೆಂಪೋ ಹಸಿರೋ ಬೆರೆಸಿ ಕಪ್ಪು ಹುಟ್ಟಿಸಬೇಕು. ಹುಡುಗಿಯರು ಒಂದೇ ಕಪ್ಪು ಮಾಡಿ ಎಲ್ಲರಿಗೂ ಬಳಿದರು. ನಾನು ಒಬ್ಬೊಬ್ಬನಿಗೆ ಒಂದೊಂದು ಕಪ್ಪು ಹೊಲಿಸಿದೆ. ಸವದತ್ತಿ ಕಡೆಯ ಎರೆ ಹೊಲಗಳಲ್ಲಿ ಮೂವತ್ತು ವರ್ಷ ನಡೆದವನಿಗೆ ಕಪ್ಪು ಒಂದೇ ಎಂದು ಹೇಗೆ ಅನಿಸೀತು? ಮಳೆ ಬಿದ್ದ ಮರುದಿನದ ಎರೆಯ ಕಪ್ಪು ಬೇರೆ, ಬಿಸಿಲಿಗೆ ಬಿರುಕು ಬಿಟ್ಟದ್ದು ಬೇರೆ, ಹರಗಿದ ಸಾಲಿನ ಒಳಗಿನದು ಬೇರೆ.

ಅವ್ವನ ತವರುಮನೆ ಆ ಎರೆಯ ನಡುವಿನದೇ ಒಂದು ಹಳ್ಳಿ. ಅವಳು ಹೋದ ಮೇಲೆ ಹೋಗಿಬರುವುದು ತಪ್ಪಿತ್ತು. ಒಮ್ಮೆ ಆ ಊರಿನ ಹೊಲ ಅಳೆಯುವ ಕೆಲಸ ನನಗೇ ಬಂತು. ಮೋಜಣಿ ಮುಗಿಸಿ, ಎಂಟು ಮಂದಿಯನ್ನು ಕೇಳಿ, ಅವ್ವನ ಮನೆ ಹುಡುಕಿಕೊಂಡು ಹೋದೆ. ಸೋದರಮಾವಂದಿರು ಯಾರೂ ಉಳಿದಿರಲಿಲ್ಲ, ಮನೆಯೂ ಪರರ ಕೈಸೇರಿತ್ತು. ನೆರೆಮನೆಯ ಮುದುಕಿಯೊಬ್ಬಳು ನನ್ನನ್ನು ದೀಪದ ಹತ್ತಿರ ಕರೆದು ನೋಡಿ, ಗದ್ದ ಅವಳದೇ ಎಂದಳು. ಅಂದಿನಿಂದ ನಾನು ಮೂರು ವರ್ಷ ಗಡ್ಡ ಬಿಡಲಿಲ್ಲ.

ಹೀಗೇ ಕೇಳುತ್ತ ಕೇಳುತ್ತ ನಾನು ಅವ್ವನ ಮುಖಕ್ಕೆ ಸಾಕ್ಷಿ ಕೂಡಿಸಿದ್ದೆ. ಕೆಂಪಗಿದ್ದಳು ಎಂದು ಒಬ್ಬರು, ಗೋದಿ ಬಣ್ಣ ಎಂದು ಇನ್ನೊಬ್ಬರು. ಚಿಗವ್ವ ಸಾಯುವ ಮುಂದೆ ಮೂಗು ಉದ್ದ ಎಂದಳು. ನಮ್ಮ ಹಳೆಯ ಆಳು ಮೂಗು ಮೊಂಡು ಎಂದು ಪ್ರಮಾಣ ಮಾಡಲು ತಯಾರಿದ್ದ. ರಾಮದುರ್ಗಕ್ಕೆ ಕೊಟ್ಟ ಅತ್ತಿಯನ್ನು ಎಷ್ಟೋ ಸಲ ಕೇಳಿದ್ದೆ, ಕಣ್ಣು ಹೇಗಿದ್ದವು, ಹುಬ್ಬು ಹೇಗಿದ್ದವು ಎಂದು. ಪ್ರತಿ ಸಲವೂ ಅತ್ತಿ ಸ್ವಲ್ಪ ಯೋಚನೆ ಮಾಡಿ, ಛಲೋ ಇದ್ದಳಪ್ಪ ಎಂದಷ್ಟೇ ಹೇಳುತ್ತಿದ್ದಳು. ಮೋಜಣಿಯಲ್ಲೂ ಹೀಗೇ. ನಾಲ್ಕು ದಿಕ್ಕಿನ ಹೊಲದವರು ನಾಲ್ಕು ಕಡೆ ಗಡಿ ತೋರಿಸುತ್ತಾರೆ, ಯಾರೂ ಸುಳ್ಳು ಹೇಳುತ್ತಿರುವುದಿಲ್ಲ.

ಆರು ತಿಂಗಳಾಗುವ ಹೊತ್ತಿಗೆ ನನ್ನ ಹಾಲೆಂಡಿನವರಿಗೆ ಸಾಕಷ್ಟು ಜೀವ ಬಂದಿತ್ತು. ಒಬ್ಬ ಮಾತ್ರ ಯಾಕೋ ಹತ್ತಿ ವ್ಯಾಪಾರಿಯ ಹಾಗೆ ಕಾಣುತ್ತಿದ್ದ. ಅವನನ್ನು ಹಾಗೇ ಬಿಟ್ಟೆ. ಇನ್ನು ತಡ ಮಾಡಬಾರದೆಂದು ಮನೆಯಲ್ಲಿ ಯಾರಿಗೂ ಹೇಳದೆ ಬೇರೊಂದು ಕ್ಯಾನ್ವಾಸು ತಂದೆ. ನಮ್ಮ ಮನೆಯ ಗ್ರೂಪನ್ನು ಚೌಕಳಿ ಹಾಕಿ ಇಳಿಸಿಕೊಂಡೆ. ಎಲ್ಲರದ್ದೂ ಬಂತು. ಹಳೆಯ ಫೋಟೋದಲ್ಲಿ ಅವ್ವನ ಎಡ ಭುಜದ ಹತ್ತಿರ ಮಸುಕು ಇತ್ತು, ತೊಳೆಯುವಾಗ ಕೆಟ್ಟಿರಬೇಕು ಎಂದುಕೊಂಡು ಅದನ್ನು ಅಚ್ಚುಕಟ್ಟಾಗಿ ತಿದ್ದಿದೆ. ಆಮೇಲೆ ಸೆರಗನ್ನು ನನ್ನ ಮನಸ್ಸಿನಲ್ಲೇ ಮೇಲೆ ಸರಿಸಿ, ಅದರ ಒಳಗೆ ಮುಖ ಬರೆಯಲು ಕೂತೆ.

ಮೊದಲನೆಯ ಸಲ ನನ್ನದೇ ಮುಖ ಬಂತು, ಮೀಸೆ ಬೋಳಿಸಿ ಕುಂಕುಮ ಇಟ್ಟಂತೆ. ಎರಡನೆಯ ಸಲ ಕ್ಯಾಲೆಂಡರಿನ ಲಕ್ಷ್ಮಿ ಬಂದಳು. ಮೂರನೆಯ ಸಲ ಬಂದವಳು ಯಾರೆಂದೇ ಗೊತ್ತಾಗಲಿಲ್ಲ, ಆದರೆ ಬಹಳ ದುಃಖದಲ್ಲಿದ್ದಳು. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ, ತಪ್ಪಾದರೆ ಬಟ್ಟೆಯಿಂದ ಒರೆಸಿ ಮತ್ತೆ ಮಾಡಬಹುದು, ಅದೇ ಅದರ ದೊಡ್ಡ ಗುಣ ಎಂದು ಮಾಸ್ತರು ಹೊಗಳುತ್ತಿದ್ದರು. ಎರಡು ಸಲ ಒರೆಸಿದೆ. ಎರಡನೆಯ ಸಲ ಒರೆಸುವಾಗ ಕಣ್ಣು, ಮೂಗು, ತುಟಿ ಎಲ್ಲ ಕಲಸಿ ಬಟ್ಟೆಗೆ ಬಂದವು. ಆ ಬಟ್ಟೆಯನ್ನು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ಒಬ್ಬನೇ ಅತ್ತೆ. ಅರವತ್ತೆರಡು ವರ್ಷದವನು ಅವ್ವಾ ಎಂದು ಅಳುವುದನ್ನು ನೋಡಿದರೆ ಶಾಂತಾ ಡಾಕ್ಟರರನ್ನು ಕರೆಸುತ್ತಿದ್ದಳು. ಪುಣ್ಯಕ್ಕೆ ಅವಳು ಸಂತೆಗೆ ಹೋಗಿದ್ದಳು. ಮೂರನೆಯ ಮುಖವನ್ನು ಒರೆಸಲು ಧೈರ್ಯವಾಗದೆ ಹಾಗೇ ಬಿಟ್ಟೆ. ಇರಲಿ, ಬಹುಶಃ ಇವಳೇ ಇರಬಹುದು, ಇಷ್ಟು ಅಂಜಿದವಳ ಮುಖ ಹೀಗಲ್ಲದೆ ಇನ್ನು ಹೇಗಿದ್ದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ರವಿವಾರ ಕ್ಲಾಸಿನಲ್ಲಿ ನನಗೆ ಕೈಯೇ ಏಳಲಿಲ್ಲ. ಮಾಸ್ತರು ನನ್ನ ಆರು ಜನರ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಮುಖಗಳು ಬಂದಿವೆ, ಆದರೂ ಗ್ರೂಪು ಬಂದಿಲ್ಲ ಎಂದರು. ನನಗೆ ಅರ್ಥವಾಗಲಿಲ್ಲ.

"ನಾ ನಿಮಗ ಆರು ಮುಖ ಮಾಡ್ರಿ ಅಂದಿಲ್ಲ. ಒಂದು ಗಳಿಗಿ ಮಾಡ್ರಿ ಅಂದೀನಿ," ಎಂದರು. "ಈ ಮಂದಿ ಯಾಕ ತಲಿ ಎತ್ತಿ ನೋಡ್ಲಿಕ್ಕೆ ಹತ್ತ್ಯಾರ? ಯಾರೋ ಬಾಗಲದಾಗ ಬಂದಾರ. ಒಬ್ಬಾಂವ ಏಳ್ಲಿಕ್ಕೆ ಹೊಂಟಾನ, ಒಬ್ಬಾಂವ ಓದೂದು ಬಿಟ್ಟಾನ. ಗ್ರೂಪ್ ನೋಡಿದ ಕೂಡ್ಲೆ ಮೂಗು ಹೆಂಗದ ಅಂತ ಕೇಳಬಾರದ್ರಿ. ಈಗ ಏನಾತು ಅಂತ ಕೇಳಬೇಕು."

ಜೇಬಿನ ಮೊಬೈಲಿನಲ್ಲಿ ನಮ್ಮ ಮನೆಯ ಫೋಟೋ ಇತ್ತು. ಯಾವ ಧೈರ್ಯ ಬಂತೋ, ತೆಗೆದು ಅವರ ಕೈಗೆ ಕೊಟ್ಟೆ. ಜೀವನದಲ್ಲಿ ಮೊದಲ ಸಲ ಒಬ್ಬರ ಮುಂದೆ ಅವ್ವನ ವಿಷಯ ಎಲ್ಲ ಹೇಳಿದೆ. ಅವರು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಚಿಗವ್ವನ ಮುಖದ ಮೇಲೆ ತುಸು ನಿಂತರು, ಅವಳ ತಲೆಯ ಮೇಲೆ ಸೆರಗಿದೆ, ಮುಖದ ಮೇಲೆ ಇಲ್ಲ ಎಂದರು. ಆಯಿಗೂ ಇಲ್ಲ ಎಂದರು. ಇಬ್ಬರು ಸೊಸೆಯರಿಗೆ ಒಬ್ಬನೇ ಮಾವ. ಒಬ್ಬಳು ಅಂಜುತ್ತಾಳೆ, ಇನ್ನೊಬ್ಬಳು ಅಂಜುವುದಿಲ್ಲವೇ ಎಂದು ಕೇಳಿದರು. ಐವತ್ತು ವರ್ಷ ಆ ಫೋಟೋ ನೋಡಿದ ಸರ್ಕಾರಿ ಸರ್ವೇಯರನಿಗೆ ಎದುರಿಗೇ ಇದ್ದ ಈ ಕಲ್ಲು ಕಂಡಿರಲಿಲ್ಲ.

"ಇಲ್ಲೇನೋ ಆಗೇದರಿ," ಎಂದು ಮಾಸ್ತರು ಮೊಬೈಲ್ ತಿರುಗಿ ಕೊಟ್ಟರು. ಅವತ್ತು ಅಲ್ಲಿದ್ದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಫೋಟೋದಲ್ಲಿದ್ದವರ ಪೈಕಿ ಉಳಿದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬಳು ಅತ್ತಿ.

ಮರುವಾರ ಬಣ್ಣ ಕೈಗೆ ಅಂಟದಷ್ಟು ಒಣಗಿದ ಮೇಲೆ, ಕ್ಯಾನ್ವಾಸನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ರಾಮದುರ್ಗದ ಬಸ್ ಹತ್ತಿದೆ. ಸವದತ್ತಿಯಲ್ಲಿ ಬಸ್ ಬದಲಿಸುವಾಗ ಕಂಡಕ್ಟರ್ ಅದು ದೇವರ ಫೋಟೋ ಎಂದು ತಿಳಿದು ಮುಂದಿನ ಸೀಟು ಖಾಲಿ ಮಾಡಿಸಿಕೊಟ್ಟ. ಪಕ್ಕದ ಮುದುಕಿ ಧೋತರವನ್ನು ಮುಟ್ಟಿ ಕೈ ಮುಗಿದಳು. ನಾನು ಬೇಡ ಎನ್ನಲಿಲ್ಲ.

ಅತ್ತಿಗೆ ಈಗ ಎಂಬತ್ತರ ಹತ್ತಿರ ವಯಸ್ಸು. ಕಣ್ಣಿನ ಆಪರೇಶನ್ ಆದಮೇಲೆ ನೋಟ ಚುರುಕಾಗಿದೆ, ಕಾಲು ಮಾತ್ರ ಕೇಳುವುದಿಲ್ಲ. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಅತ್ತಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತ ಕೂತಿದ್ದಳು. ಅವ್ವ ಹೋದ ಮೇಲೆ, ತನ್ನ ಲಗ್ನವಾಗುವತನಕ, ನನ್ನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಇವಳೇ. ಇವಳಿಗೆ ನಾನು ಇವತ್ತಿಗೂ ಈರ್ಯಾ. ಚಹಾ ಆದಮೇಲೆ ಧೋತರ ಬಿಚ್ಚಿ ಚಿತ್ರವನ್ನು ಗೋಡೆಗೆ ಆನಿಸಿ ಇಟ್ಟೆ. ಅತ್ತಿ ಒಬ್ಬೊಬ್ಬರ ಹೆಸರು ಹೇಳಿ ಗುರುತು ಹಿಡಿದಳು. ಅಜ್ಜನನ್ನು ಅಪ್ಪ ಎಂದಳು, ಆಯಿಯನ್ನು ಅವ್ವ ಎಂದಳು, ನನ್ನಪ್ಪನನ್ನು ಅಣ್ಣ ಎಂದಳು, ತನ್ನ ಹದಿನೇಳರ ಮುಖ ನೋಡಿ ಸ್ವಲ್ಪ ನಾಚಿದಳು. ಎಡ ತುದಿಗೆ ಬಂದಾಗ ಅವಳ ನೋಟ ನಿಂತಿತು.

"ಇಕಿ ಯಾರೋ?"

"ಅವ್ವ," ಎಂದೆ.

ಅತ್ತಿ ತಲೆ ಅಲ್ಲಾಡಿಸಿದಳು. ಮೂಗು ತಪ್ಪಿದೆಯೇ ಎಂದು ಕೇಳಿದೆ. ಹೇಳಿದರೆ ಇಲ್ಲೇ ತಿದ್ದುತ್ತೇನೆ, ಬಣ್ಣ ತಂದಿದ್ದೇನೆ ಎಂದೆ.

"ಮೂಗಿನ ಮಾತಲ್ಲೋ ಈರ್ಯಾ. ನಮ್ಮ ವೈನಿ ಹಿಂಗ ಸತ್ತವರ ಮನ್ಯಾಗ ನಿಂತಂಗ ಎಂದೂ ನಿಂತಾಕಿ ಅಲ್ಲ."

ಆಗ ಮಾಸ್ತರ ಮಾತು ನೆನಪಾಯಿತು. ಇಷ್ಟು ವರ್ಷ ಕಣ್ಣು, ಮೂಗು, ಹುಬ್ಬು ಎಂದು ಪಂಚನಾಮೆ ಬರೆದುಕೊಂಡವನು, ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಫೋಟೋ ತೆಗೆದ ದಿನ ಏನಾಯಿತು ಅತ್ತಿ ಎಂದು ಕೇಳಿದೆ.

ಅತ್ತಿಯ ಕೈಯಲ್ಲಿನ ಶೇಂಗಾ ಅಲ್ಲೇ ನಿಂತಿತು. ಹೇಳಲು ಶುರು ಮಾಡುವ ಮೊದಲೇ ಅವಳ ಕಣ್ಣು ಸಣ್ಣಗಾದವು.

ಅಂದು ಅಜ್ಜ ಹೊಸ ಧೋತರ ಉಟ್ಟು, ಜರಿ ರುಮಾಲು ಸುತ್ತಿ, ಮೀಸೆಗೆ ಎಣ್ಣೆ ಹಚ್ಚಿ, ಬೆಳಗಿನಿಂದ ಯಾರ ಹತ್ತಿರವೂ ಮಾತಾಡದೆ ತಯಾರಾಗಿದ್ದನಂತೆ. ಫೋಟೋದವನು ಎರಡು ಸಲ ತೆಗೆದದ್ದು ಕೆಟ್ಟಿತ್ತು. ಒಮ್ಮೆ ಕಾಕಾ ಕೆಮ್ಮಿದ, ಒಮ್ಮೆ ಆಯಿ ಕೋಳಿ ಓಡಿಸಿದಳು. ಇದು ಕೊನೆಯದು, ಜೀವ ಹೋದರೂ ಅಲುಗಾಡಬೇಡಿರಿ ಎಂದು ಹೇಳಿ ಅವನು ಕರಿ ಬಟ್ಟೆಯ ಒಳಗೆ ಹೊಕ್ಕ. ಎಲ್ಲರೂ ಉಸಿರು ಹಿಡಿದರು. ಆ ಗಳಿಗೆಯನ್ನೇ ನೋಡಿಕೊಂಡು, ಅಜ್ಜನ ತೊಡೆಯ ಮೇಲಿದ್ದ ನಾನು ಉಚ್ಚೆ ಹೊಯ್ದೆ.

"ಅಪ್ಪ ಅಲುಗಾಡಲಿಲ್ಲ ನೋಡಪ್ಪ," ಎಂದಳು ಅತ್ತಿ. "ಧೋತರ ತೊಯ್ದು, ಕುರ್ಚಿ ತೊಯ್ದು, ನನ್ನ ಬೆನ್ನಮ್ಯಾಲೆ ಬಿದ್ದರೂ ಆ ಮನಶಾ ಮೀಸಿ ಅಲುಗಿಸಲಿಲ್ಲ. ಎಲ್ಲಾರಕಿಂತ ಮದಲ ನಿಮ್ಮವ್ವ ನೋಡಿದಳು. ಮಾವನ ಮುಂದ ನಗೂದು ಹೆಂಗ? ಗಪ್ಪನ ಸೆರಗು ಎಳಕೊಂಡಳು."

ನಾನು ಎದ್ದು ಹೋಗಿ ಚಿತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಭುಜದ ಆ ಮಸುಕು ಯಾರೂ ತೊಳೆಯುವಾಗ ಕೆಡಿಸಿದ್ದಲ್ಲ. ಅವಳು ನಗುತ್ತಿದ್ದಳು. ನಗು ತಡೆಯಲಾರದೆ ಮೈಯೆಲ್ಲ ಅಲುಗುತ್ತಿತ್ತು. ಅವಳು ಇಡೀ ಫೋಟೋದಲ್ಲಿ ಉಳಿಸಿಹೋದದ್ದು ಅದೊಂದೇ, ಅದನ್ನೂ ನಾನು ಅಚ್ಚುಕಟ್ಟಾಗಿ ಗೆರೆ ಎಳೆದು ತಿದ್ದಿಬಿಟ್ಟಿದ್ದೆ. ಒಬ್ಬ ನಗುವ ಹೆಣ್ಣುಮಗಳ ಮುಂದೆ ಕೂತು ಐವತ್ತು ವರ್ಷ ಅವಳ ದುಃಖಕ್ಕಾಗಿ ಅತ್ತವನನ್ನು ಏನೆಂದು ಕರೆಯಬೇಕು ನೀವೇ ಹೇಳಿ. ಆದರೆ ಅಂದು ನನಗೆ ನಾಚಿಕೆಗಿಂತ ಹೆಚ್ಚಾಗಿ ಬೇರೇನೋ ಆಯಿತು. ಮೂಗು ಕಣ್ಣು ಯಾವುದೂ ಬೇಡ, ಆ ನಗುವೊಂದನ್ನು ನೋಡಬೇಕು ಎನ್ನಿಸಿತು. 

ಹೇಗೆ ನಗುತ್ತಿದ್ದಳು ಎಂದು ಅತ್ತಿಯನ್ನು ಕೇಳಿದೆ. ಜೋರಾಗಿ ನಗುತ್ತಿದ್ದಳೇ, ಮೆತ್ತಗೆ ನಗುತ್ತಿದ್ದಳೇ ಎಂದೆ.

ಸಪ್ಪಳವೇ ಇರುತ್ತಿರಲಿಲ್ಲ ಎಂದಳು ಅತ್ತಿ. ಅದನ್ನು ಹೇಳಲು ಬರುವುದಿಲ್ಲ ಎಂದಳು. ಮೊರ ಪಕ್ಕಕ್ಕೆ ಸರಿಸಿದಳು. ಕಂಬದಿಂದ ಬೆನ್ನು ಬಿಡಿಸಿ ನೆಟ್ಟಗೆ ಕೂತಳು. ತಲೆಯ ಮೇಲಿನ ಸೆರಗನ್ನು ಎರಡೂ ಕೈಯಿಂದ ಹಿಡಿದು ಗದ್ದದತನಕ ಎಳೆದುಕೊಂಡಳು.

ಮೊದಲು ಎಡ ಭುಜ ಅಲುಗಿತು. ಆಮೇಲೆ ಬಲ ಭುಜ. ಸೆರಗಿನ ಅಂಚು ಉಸಿರಿಗೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅತ್ತಿ ಮಾಡಿ ತೋರಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳಿಗೆ ನಿಜವಾಗಿಯೂ ನಗು ಬಂತು, ಹಳೆಯದೆಲ್ಲ ನೆನಪಾಗಿ ತಡೆಯಲಾರದ ನಗು, ಮೈಯೆಲ್ಲ ಕುಲುಕಿತು. ಆಗ ಅದು ಅತ್ತಿ ಎನ್ನುವುದು ನನಗೆ ಮರೆತುಹೋಯಿತು. ನನ್ನಿಂದ ಒಂದು ಗೇಣು ದೂರದಲ್ಲಿ, ಸೆರಗಿನ ಆಚೆ, ನನ್ನನ್ನೇ ನೋಡಿ ಯಾರೋ ನಗುತ್ತಿದ್ದರು.

ಅತ್ತಿ ದಣಿದು, ಸೆರಗು ಸರಿಸಲು ಕೈ ಎತ್ತಿದಳು.

"ಅತ್ತಿ, ತಗೀಬ್ಯಾಡ," ಎಂದೆ. "ಇನ್ನೊಂದ ಸ್ವಲ್ಪ ಹೊತ್ತು ಹಂಗ ಇರು."